ಟೇಪಿನಲ್ಲಿದ್ದ ಹೆಂಗಸು

ಮ್ಯಾನೇಜರ್ ಟೇಪನ್ನು ಮತ್ತೆ ಹಿಂದಕ್ಕೆ ತಿರುಗಿಸಿದ. ಮೇಸ್ತ್ರಿ ಗೇಮಪ್ಪ ಕಣ್ಣು ಮುಚ್ಚಿ ಕಿವಿ ತೆರೆದ.

ಅಂತಿಂಥ ಕಿವಿಯಲ್ಲ ಅದು. ಜೊಯಿಡಾ ಕಾಡಿನಲ್ಲಿ ಇರುವೆ ಸೀನಿದರೆ, ಗಂಡೋ ಹೆಣ್ಣೋ ಎಂದು ಹಳಿಯಾಳದಲ್ಲಿ ಕೂತು ಹೇಳುವ ಕಿವಿ! ತಾಂಡಾದ ಯಾವ ಹೆಂಗಸು ಕತ್ತಲಲ್ಲಿ ಒಂದಕ್ಷರ ಅಂದರೂ ಹೆಸರು ಹಿಡಿದು ಕರೆಯುತ್ತಿದ್ದ. ಕಾರ್ಖಾನೆ ತನ್ನನ್ನು ಮೇಸ್ತ್ರಿ ಮಾಡಿದ್ದೇ ಈ ಕಿವಿ ನೋಡಿ ಎಂದು ಊರೆಲ್ಲ ಸಾರಿದ್ದ.

ಟೇಪಿನ ಹೆಂಗಸು ಲಂಬಾಣಿಯಲ್ಲಿ ದೂರುತ್ತಿದ್ದಳು. ಪಾಳಿ ಮುಗಿದಾಗ ಗೇಟಿನಲ್ಲಿ ಗಂಡಸರು ಹೆಂಗಸರ ಮೈ ತಡವಿ ತಪಾಸಣೆ ಮಾಡುತ್ತಾರಂತೆ. ಇಂಥ ದೂರಿಗೆಂದೇ ಮುಂಬಯಿಯ ನಿರ್ದೇಶಕರು, ಆಡಿದ್ದು ಟೇಪಾಗುವ ಫೋನು ಇಡಿಸಿದ್ದರು. ಹೆಸರು ಹೇಳಬೇಕಿಲ್ಲ, ಯಾರೂ ಹುಡುಕುವುದಿಲ್ಲ ಎಂದು ಗೋಡೆಯ ಮೇಲೆ ಆನೆಗಾತ್ರದ ಅಕ್ಷರದಲ್ಲಿ ಬರೆಸಿದ್ದರು. ಟೇಪು ನೇರ ಮುಂಬಯಿಗೆ ಹೋಗಬೇಕಿತ್ತು. ಮ್ಯಾನೇಜರನ ಮೇಜಿಗೆ ಬಂದಿತ್ತು.

"ಯಾರೀಕಿ?"

"ನಮ್ಮ ತಾಂಡಾದಾಕಿ ಅಲ್ಲರೀ ಸಾಹೇಬ್ರ. ಈ ದನಿ ನಾ ಹುಟ್ಟಿದಾಗಿಂದ ಕೇಳಿಲ್ಲ."

"ಮೇಸ್ತ್ರಿಕಿ ಸಾಕಾತೇನು?"

ಗೇಮಪ್ಪ ಕಾಳಿ ನದಿಯೇ ಬೆನ್ನಿನಿಂದಿಳಿದಂತೆ ಬೆವೆತ. ಮರುಗಳಿಗೆಗೆ ಉಪಾಯ ಹೊಳೆಯಿತು. ಬೆಳಗ್ಗೆ ಗೇಟಿನಲ್ಲಿ ಒಬ್ಬೊಬ್ಬ ಹೆಂಗಸೂ ಟೇಪಿನ ಮಾತನ್ನೇ ಆಡಬೇಕು, ಸಾಹೇಬರು ಪಕ್ಕದಲ್ಲಿ ಟೇಪು ಹಾಕಿ ತಾಳೆ ನೋಡಬೇಕು, ಬಾರದವಳೇ ಕಳ್ಳಿ. ಸಾಹೇಬ ನಕ್ಕ. ಆ ನಗುವಿಗೆ ಗೇಮಪ್ಪ ಇನ್ನಷ್ಟು ಉಬ್ಬಿದ.

"ಆಕಿನ್ನಷ್ಟ ಕೆಲಸದಿಂದ ತಗದರ ಸಾಲೂದಿಲ್ಲರೀ. ಆಕಿ ಮನಿ ಮಂದೀನೂ ಹೊರಗ ಹಾಕ್ರಿ."

ಸಾಹೇಬ ಅದನ್ನೂ ಸೇರಿಸಿ ಆಜ್ಞೆ ಬರೆಸಿದ. ಸಂಜೆಗೆ ಅದು ಗೇಟಿನ ಮೇಲಿತ್ತು.

ಮನೆಯಲ್ಲಿ ಗೇಮಪ್ಪ ಹೆಂಡತಿ ಜಮುನಾಬಾಯಿಗೆ ತನ್ನ ಪರಾಕ್ರಮ ಹೇಳಿದ. ಹೇಳುತ್ತ ಹೇಳುತ್ತ ಸಾಹೇಬ ಎದ್ದು ನಿಂತು ಕೈಮುಗಿದದ್ದೂ ಸೇರಿತು. ಅದೇ ಕಾರ್ಖಾನೆಯಲ್ಲಿ ದುಡಿಯುವ ಸೊಸೆ ತುಳಜಾ, ಮುಖದ ಮೇಲೆ ಸೆರಗೆಳೆದುಕೊಂಡು ನೀರಿಟ್ಟಳು. ಮಗ ಅನಿಲ ತಲೆ ತಗ್ಗಿಸಿ ಕೂತಿದ್ದ. ಯಾರೂ ಹೊಗಳಲಿಲ್ಲ.

"ಬಾಯಿಗೆ ಬೀಗ ಹಾಕೇರೇನು?" ಎಂದ ಗೇಮಪ್ಪ.

ಮಾವನೆದುರು ಸೊಸೆ ಮಾತಾಡಬಾರದೆಂಬ ತಾಂಡಾದ ಕಟ್ಟಳೆಯನ್ನು ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಮೀರದಿದ್ದ ತುಳಜಾ, ಸೆರಗಿನೊಳಗಿಂದಲೇ ಅಂದಳು: "ನಾಳೆ ಹೆಂಗಿದ್ದರೂ ಬಾಯಿ ತಗೀಬೇಕು, ಮಾವಾ. ಮೊದಲ ನಿಮ್ಮ ಮುಂದ ತಗೀತೇನಿ."

ಟೇಪಿನ ದನಿ.