ನಿಂತ ದೋಣಿಯ ಲೆಕ್ಕ

ತಮ್ಮೂರಾದ ಮಯಾನ ದ್ವೀಪ ಇರಬೇಕಾದ ಜಾಗದಲ್ಲಿ ದ್ವೀಪ ಇರಲಿಲ್ಲ. ಈ ಹೊತ್ತಿಗೆ ತೆಂಗಿನ ತಲೆಗಳಾದರೂ ಕಾಣಬೇಕಿತ್ತು. ಸುತ್ತ ಬರೀ ನೀರು. ಕಬೌವಾ ಮೇಷ್ಟ್ರು ಇಂಜಿನ್ ಆರಿಸಿದರು. ಪೆಟ್ರೋಲು ಡಬ್ಬಿಯ ತಳ ಸೇರಿತ್ತು.

"ದಾರಿ ತಪ್ಪಿದ್ವಾ ಅಪ್ಪಾ?" ಮಗಳು ರುತಿಯಾನಾ ಎಳನೀರು ಕುಡಿದು ಬುರುಡೆ ಎಸೆಯುತ್ತಾ ಕೇಳಿದಳು.

"ಲೆಕ್ಕ ತಪ್ಪಿಲ್ಲ ಕಣೇ. ಹೋಗೋವಾಗ ಉತ್ತರಕ್ಕೆ ಎಷ್ಟೋ, ಬರೋವಾಗ ದಕ್ಷಿಣಕ್ಕೂ ಅಷ್ಟೇ. ಅದೇ ವೇಗ, ಅದೇ ಹೊತ್ತು. ಒಂದು ಕೂಡು, ಇನ್ನೊಂದು ಕಳೆ. ಮೊತ್ತ ಸೊನ್ನೆ. ಅಂದ್ರೆ ಮನೆ."

ಹೈಸ್ಕೂಲಿನಲ್ಲಿ ಗಣಿತ ಹೇಳುವ ಮನುಷ್ಯ. ಶನಿವಾರದ ಮೀನುಬೇಟೆಗೆ ದೋಣಿ ನಡೆಸುತ್ತಿದ್ದ ಭಾವಮೈದುನ ಜ್ವರ ಬಂದು ಮಲಗಿದ್ದ. ಇವತ್ತು ಬೇಡ ಭಾವ ಅಂದಿದ್ದ. ಕೇಳಬೇಕಲ್ಲ ಇವರು? ಅನುಕಲನದಂಥ ಗಣಿತ ಗೊತ್ತಿದ್ದವನಿಗೆ ಸಮುದ್ರ ಯಾವ ಲೆಕ್ಕ ಎಂದು ಹೊರಟರು. ಫೋನು ನೀರಿಗೆ ಬಿದ್ದಾಗಲೂ ನಕ್ಕಿದ್ದರು.

"ನಡುವೆ ಮೀನು ಹಿಡೀತಾ ಅಷ್ಟು ಹೊತ್ತು ನಿಂತಿದ್ವಲ್ಲ, ಅದು?"

"ಇಂಜಿನ್ ಆಫ್ ಆಗಿತ್ತು, ವೇಗ ಸೊನ್ನೆ. ಸೊನ್ನೇನ ಇಡೀ ದಿನ ಕೂಡಿದ್ರೂ ಸೊನ್ನೇನೇ. ಆಗ ನೀನು ಎಸೆದ ಬುರುಡೆ ದೋಣಿ ಪಕ್ಕದಲ್ಲೇ ಇತ್ತು, ನೋಡಿದ್ಯಲ್ಲ?"

ರುತಿಯಾನಾ ಬಗ್ಗಿ ನೀರು ನೋಡಿದಳು. "ಬುರುಡೇನೂ ನೀರಲ್ಲೇ ಇತ್ತಲ್ಲಪ್ಪಾ. ನೀರು ಹರಿದ್ರೆ ಅದೂ ಹೋಗುತ್ತೆ, ಜೊತೆಗೆ ನಾವೂ ಹೋಗ್ತೀವಿ."

ಇಲ್ಲಿಯ ನೀರು ಪಶ್ಚಿಮಕ್ಕೆ ಸೆಳೆಯುತ್ತದೆಂದು ಊರಿನ ಮಕ್ಕಳಿಗೂ ಗೊತ್ತು. ಮೇಷ್ಟ್ರಿಗೂ ಗೊತ್ತಿತ್ತು, ಲೆಕ್ಕಕ್ಕೆ ತಗೊಂಡಿರಲಿಲ್ಲ, ಅಷ್ಟೇ. ಹೋದ ವರ್ಷ ಹಾಗೆ ತೇಲಿಹೋದ ಪಕ್ಕದ ಮನೆಯವರ ದೋಣಿ ಸಿಕ್ಕಿತ್ತು. ಅದರಲ್ಲಿ ಯಾರೂ ಇರಲಿಲ್ಲ.

"ಹಾಗಾದ್ರೆ ಮನೆ ಪೂರ್ವಕ್ಕಿದೆ. ಎಷ್ಟು ದೂರ... ತಾಳು, ಸೆಳೆತದ ವೇಗ ಇಷ್ಟು ಅಂತಿಟ್ಕೊಂಡ್ರೆ..." ಮೇಷ್ಟ್ರು ಕಣ್ಣು ಮುಚ್ಚಿ ಗುಣಿಸತೊಡಗಿದರು. "ಪೆಟ್ರೋಲು ಸಾಲಬಹುದು ಮಗಳೇ. ಇರು, ಇನ್ನೊಂದ್ಸಲ ನೋಡ್ತೀನಿ."

ಅವಳಿಗೆ ಅಳು ಬಂತು. "ಅಪ್ಪಾ, ನಾವೀಗ ಕೂತು ಲೆಕ್ಕ ಹಾಕ್ತಿದೀವಲ್ಲ, ಈ ಹೊತ್ತಲ್ಲಿ ಇನ್ನೆಷ್ಟು ದೂರ ತೇಲಿದ್ವಿ?"

ಮೇಷ್ಟ್ರು ದಡಕ್ಕನೆ ಎದ್ದು ಇಂಜಿನ್ನಿನ ಹಗ್ಗ ಜಗ್ಗಿದರು. ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ಜಗ್ಗಿದರು.

ಅವಳು ಆಗಷ್ಟೇ ಎಸೆದ ಬುರುಡೆ ದೋಣಿಯ ಪಕ್ಕದಲ್ಲೇ, ಒಂದಿಷ್ಟೂ ಕದಲದೆ ನಿಂತಿತ್ತು.