ಒಂದೇ ಹಗ್ಗದವರು

"ಇನ್ನೊಂದು ನೀರುದೋಸೆ ಹಾಕ್ಕೊ ಮಾರಾಯ್ತಿ. ಮುಂದಿನ ಸಲಕ್ಕಾದ್ರೂ ಕಾಲಿಗೆ ಬಲ ಬರ್ಲಿ," ಎನ್ನುತ್ತ ವಾರಿಜಾ ಅಮೂಲ್ಯಾಳ ತಟ್ಟೆಗೆ ಬಡಿಸಿದಳು. ಎದುರಿಗಿದ್ದ ಮುರಾರಿಯ ಕೈಯ ತುತ್ತು ಅಲ್ಲೇ ನಿಂತಿತು. ಹುಡುಗಿಗೆ ಸಮಾಧಾನ ಹೇಳಲೆಂದು ಹೆಂಡತಿ ಅವಳನ್ನು ತಿಂಡಿಗೆ ಕರೆದಿದ್ದು ಅವನಿಗೆ ಗೊತ್ತಾದದ್ದೇ ಅವಳು ಬಂದು ಬೆಲ್ ಬಾರಿಸಿದಾಗ.

ಹತ್ತು ದಿನಗಳ ಹಿಂದೆ ಲಡಾಖ್‌ನಲ್ಲಿ, ಆರು ಸಾವಿರ ಮೀಟರಿನ ಶಿಖರಕ್ಕೆ ಇನ್ನೂರು ಮೀಟರ್ ಬಾಕಿ ಇರುವಾಗ, ಹಿಮದಲ್ಲಿ ಕುಳಿತು ತನ್ನಿಂದಾಗದು ಎಂದು ಅತ್ತವನು ಮುರಾರಿ. ಒಂದು ಹಗ್ಗಕ್ಕೆ ಒಬ್ಬ ಗೈಡ್, ಇಬ್ಬರು ಆರೋಹಿಗಳು. ಒಬ್ಬರು ಇಳಿದರೆ ಇನ್ನೊಬ್ಬರೂ ಇಳಿಯಬೇಕು. ಎರಡು ವರ್ಷ ಪ್ರತಿ ಭಾನುವಾರ ಪಾರ್ಸಿಕ್ ಗುಡ್ಡ ಹತ್ತಿ ತಯಾರಾಗಿದ್ದ, ಅದೇ ಹಗ್ಗದಲ್ಲಿದ್ದ ಡೊಂಬಿವ್ಲಿಯ ಅಮೂಲ್ಯಾ ಒಂದು ಮಾತೂ ಆಡದೆ ಇಳಿದಿದ್ದಳು. ಮನೆಯಲ್ಲೂ, ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟ್‌ನ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತಾಗಲೂ ಮುರಾರಿ ಹೇಳಿದ್ದು ಬೇರೆ: ಹುಡುಗಿ ಸುಸ್ತಾದಳು, ಅವಳಿಗಾಗಿ ಇಳಿದೆ.

ಅಮೂಲ್ಯಾ ಒಮ್ಮೆ ಮುರಾರಿಯನ್ನು ನೋಡಿದಳು. ಆಮೇಲೆ ವಾರಿಜಾಳ ಕಡೆ ತಿರುಗಿ, "ಹಾಂ ಆಂಟಿ, ಏಕ್‌ದಮ್ ಥಕ್ ಗಯೀ ಥೀ, ಪೂರಾ ಸುಸ್ತಾಗಿದ್ದೆ. ನನ್ನಿಂದಲೇ ಎಲ್ಲ ಹಾಳಾಯ್ತು," ಎಂದಳು.

"ಛೆ, ಬಿಡು. ಇವರು ಬೈಲಿಲ್ಲ ಅಲ್ವಾ ನಿಂಗೆ?"

"ಇಲ್ಲ ಆಂಟಿ. ಅಂಕಲ್ ಏನೂ ಅನ್ನಲಿಲ್ಲ."

ವಾರಿಜಾ ಹೆಮ್ಮೆಯಿಂದ ಗಂಡನ ಭುಜದ ಮೇಲೆ ಕೈಯಿಟ್ಟಳು. ಅದನ್ನು ಸರಿಸುವ ಧೈರ್ಯವೂ ಮುರಾರಿಗೆ ಬರಲಿಲ್ಲ.