ಇದು ಬಾಳೋದು ಎಷ್ಟು?

"ಎಂಜಿನ್ ಕೂತುಹೋಗಿದೆ ಅಕ್ಕ. ಬಾ, ಬೇರೆ ಕಡೆ ನೋಡೋಣ," ಎಂದ ಮೆಕ್ಯಾನಿಕ್, ಬಾನೆಟ್ಟನ್ನು ಪೂರ್ತಿ ಎತ್ತುವ ಮೊದಲೇ.

ಅಂಗಡಿಯವನಿಗೆ ಸಿಟ್ಟು ಬಂತು. ಹಳೆ ಕಾರು ಮಾರುವ ತನ್ನ ಶೆಡ್ಡಿಗೂ ಈ ಮೆಕ್ಯಾನಿಕ್ಕನಿಗೂ ಆರು ವರ್ಷದ ಒಪ್ಪಂದ. ಗಿರಾಕಿಯ ಎದುರಿಗೆ ಇಬ್ಬರೂ ಗುರುತಿಲ್ಲದವರು. ಅವನು ಟೈರಿಗೆ ಒದ್ದು ಒಂದೆರಡು ಹುಳುಕು ಹೇಳುವುದು, ತಾನು ಐದು ಸಾವಿರ ಇಳಿಸುವುದು, ಅವನು 'ಈಗ ಸರಿಯಾದ ಬೆಲೆ' ಎಂದು ತಲೆಯಾಡಿಸುವುದು. ಸಂಜೆಯೊಳಗೆ ಕಮಿಷನ್. ಬಂದವರನ್ನೆಲ್ಲ ಅಕ್ಕ, ಅಣ್ಣ ಎಂದೇ ಮಾತಾಡಿಸುವ ಅವನ ಬಾಯಿಗೆ ಎಂಥವರೂ ಕರಗುತ್ತಿದ್ದರು. ಇವತ್ತು ಮಾತ್ರ ಅಡ್ಡದಾರಿ ಹಿಡಿದಿದ್ದ. ಕಮಿಷನ್ ಏರಿಸಿಕೊಳ್ಳಲು ಹೊಸ ವರಸೆ ಇರಬೇಕು.

ಹೆಂಗಸು ಕದಲಲಿಲ್ಲ. ಸಾಲಿನಲ್ಲಿ ಹನ್ನೊಂದು ಕಾರುಗಳಿದ್ದರೂ ಬಂದವಳೇ ನೆಟ್ಟಗೆ ಈ ಬಿಳಿ ಕಾರಿನ ಹತ್ತಿರ ನಡೆದಿದ್ದಳು. ಹೊಸ ಸೀಟು ಕವರು, ಹೊಸ ಪಾಲಿಶು, ನಂಬರಿನ ಮೇಲೆ ಅಂಗಡಿಯ ಹೆಸರಿನ ಪಟ್ಟಿ. ಎಡಬಾಗಿಲಿನ ಗಾಜು ಇಳಿಸಲು ಹಿಡಿ ತಿರುಗಿಸುವ ಮುನ್ನ ಅದನ್ನು ಅಂಗೈಯಿಂದ ಒಳಕ್ಕೆ ಒತ್ತಿದಳು. ಗಾಜು ಸರ್ರನೆ ಇಳಿಯಿತು. ಅದೇ ಹಿಡಿ ಅಂಗಡಿಯವನನ್ನು ಒಂದು ವಾರ ಸತಾಯಿಸಿತ್ತು. ಕಾರು ಬಲ್ಲವಳು, ಎಂದುಕೊಂಡ.

"ಎಷ್ಟು ಹೇಳ್ತೀರಿ?"

"ಮೂರೂಮುಕ್ಕಾಲು ಲಕ್ಷ ಅಮ್ಮ. ಒಬ್ಬರೇ ಓಡಿಸಿದ ಗಾಡಿ. ಮಗು ಥರ ನೋಡ್ಕೊಂಡಿದ್ದಾರೆ."

"ನೋಡ್ಕೊಂಡಿದ್ದಾರೆ, ಅದೇನೋ ನಿಜ," ಎಂದು ಅವಳು ಮೆಕ್ಯಾನಿಕ್ಕನ ಕಡೆ ತಿರುಗಿದಳು. "ನೀನು ಹೇಳಪ್ಪ. ನಿನ್ನ ಮಾತು ನಂಬೋಳು ನಾನು. ಇದು ಬಾಳೋದು ಎಷ್ಟು?"

ಅವನು ತೋಳಿನಿಂದ ಬೆವರು ಒರೆಸಿಕೊಂಡ. "ಗುಜರಿ ಮಾಲು ಅಕ್ಕ. ತೂಕಕ್ಕೆ ಹಾಕಿದ್ರೆ ನಲವತ್ತು ಸಾವಿರ ಬಂದೀತು. ಅದರ ಮೇಲೆ ಒಂದು ಪೈಸೆ ಬಾಳಲ್ಲ."

"ಆಣೆ ಮಾಡಿ ಹೇಳ್ತೀಯಾ?"

"ನಿನ್ನಾಣೆ."

ಅವಳು ಅಂಗಡಿಯವನಿಗೆ ಎದುರಾಗಿ ನಿಂತು ದನಿ ಏರಿಸಿದಳು. "ಕೇಳಿದ್ರಲ್ಲ? ನಲವತ್ತು ಸಾವಿರದ ಗುಜರಿಗೆ ಪಾಲಿಶ್ ಬಳಿದು ಜನಕ್ಕೆ ಟೋಪಿ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

ಪಕ್ಕದ ಸಾಲಿನಲ್ಲಿ ಮುಂಗಡ ಕೊಡಲು ಪರ್ಸು ತೆಗೆದಿದ್ದ ಗಿರಾಕಿಯೊಬ್ಬ ಅದನ್ನು ಮತ್ತೆ ಜೇಬಿಗಿಳಿಸಿ ಗೇಟಿನ ಕಡೆ ಹೆಜ್ಜೆ ಹಾಕಿದ. ಅಂಗಡಿಯವನ ತಾಳ್ಮೆ ಕಿತ್ತುಹೋಯಿತು. ಆರು ವರ್ಷದ ಒಪ್ಪಂದವನ್ನು ಗಾಳಿಗೆ ತೂರಿದ.

"ಟೋಪಿ ಹಾಕ್ತಿರೋದು ನಾನಲ್ಲಮ್ಮ, ನೀವು ನಂಬ್ಕೊಂಡು ಬಂದಿರೋ ಈ ಮಹಾನುಭಾವ! ಹೋದ ತಿಂಗಳು ಈ ಗಾಡಿ ನನಗೆ ತಂದು ಮಾರಿದವನೇ ಇವನು. ಎಂಜಿನ್ ಅಪರಂಜಿ ಅಂತ ಹೇಳಿ ಎರಡು ಲಕ್ಷ ತೊಂಬತ್ತು ಸಾವಿರ ಎಣಿಸ್ಕೊಂಡು ಹೋಗಿದ್ದಾನೆ. ಕೇಳಿ, ಇಲ್ಲ ಅನ್ನಲಿ ನೋಡೋಣ!"

ಮೆಕ್ಯಾನಿಕ್ ಗೇಟಿನ ಕಡೆ ಎರಡು ಹೆಜ್ಜೆ ಸರಿದ. ಹೆಂಗಸು ಕೂಗಾಡಲಿಲ್ಲ. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

"ನಿನ್ನ ಭಾವನ ಕಾರು ಗುಜರಿಗೆ ಹೋಯ್ತು ಅಂತ ನಲವತ್ತು ಸಾವಿರ ತಂದುಕೊಟ್ಟೆ," ಎಂದಳು ಒಡಹುಟ್ಟಿದ ತಮ್ಮನಿಗೆ. "ಸತ್ತವರ ಗಾಡಿಗೆ ಇಷ್ಟು ಓಡಾಡಿದ್ಯಲ್ಲ ಅಂತ, ಅದರಲ್ಲಿ ಎರಡು ಸಾವಿರ ನಿನ್ನ ಜೇಬಿಗೆ ತುರುಕಿದವಳು ನಾನೇ ಕಣೋ."